ಮಸಿ ಹಿಡಿದ ಜಂತಿಗಳು

ಕಳೆದ ತಿಂಗಳು ನಮ್ಮ ಮನೆಯ ಟಿವಿ ಗೋಡೆ ಏರಿತು. ತೆಳ್ಳನೆಯ ಹೊಸ ಟಿವಿ. ಅದಕ್ಕೆ ನಿಲ್ಲಲು ಏನೂ ಬೇಡ, ಗೋಡೆಯಲ್ಲಿ ನಾಲ್ಕು ತೂತು ಸಾಕು. ಕೂಡಿಸಲು ಬಂದವನು ಹಳೆಯ ಕಪಾಟನ್ನು ಒಬ್ಬನೇ ಸರಿಸಲು ಹೋಗಿ, ಆಗದೆ, ನನ್ನ ಮುಖ ನೋಡಿದ.

"ಏನ್ರಿ ಸರ, ಒಳಗ ಕಲ್ಲ ತುಂಬೀರೇನು?"

ಒಳಗೆ ಏನೂ ಇರಲಿಲ್ಲ. ಇಬ್ಬರೂ ಸೇರಿ ಎಳೆದೆವು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ ಕಪಾಟಿನ ಹಿಂಬದಿಯಿಂದ ವಾಸನೆಯೊಂದು ಬಂತು. ಅರ್ಧ ಎಣ್ಣೆಯದು, ಅರ್ಧ ಹೊಗೆಯದು. "ಇದನ್ನ ಇನ್ನೇನ್ ಮಾಡ್ತೀರಿ?" ಎಂದು ಅವನು ಕೇಳಿದಾಗ, "ಇಲ್ಲೇ ಇರ್ತೈತಿ. ಯಾರೂ ಮುಟ್ಟೂದು ಬ್ಯಾಡ" ಎಂದು ಬಿರುಸಾಗಿ ಹೇಳಿದೆ. ಪಾಪ, ಅವನದೇನು ತಪ್ಪಿತ್ತು? ಆ ಬಿರುಸಿನ ಕಾರಣ ನಿಮಗೆ ಹೇಳಬೇಕೆಂದರೆ ಟಿವಿಗಳಿಗೆ ಇನ್ನೂ ದೊಡ್ಡ ಬೆನ್ನು ಇದ್ದ ಕಾಲಕ್ಕೆ ಹೋಗಬೇಕು.

ಆಗ ನಾನು ಹುನಗುಂದದ ಸಾಲಿಯೊಂದರಲ್ಲಿ ಮಾಸ್ತರ, ಮನೆ ಇಳಕಲ್ಲಿನಲ್ಲಿ. ಹೊಸದಾಗಿ ಕಲರ್ ಟಿವಿ ಕೊಂಡಿದ್ದೆವು. ಅದನ್ನು ಹೆಂಡತಿ ಗಿರಿಜಾಳ ತವರಿನ ಟ್ರಂಕಿನ ಮೇಲೆ ಕೂಡಿಸಿದ್ದೆವು, ಟ್ರಂಕಿನಿಂದ ಸೀರೆ ತೆಗೆಯಬೇಕಾದಾಗಲೆಲ್ಲ ಟಿವಿಯನ್ನು ಇಬ್ಬರು ಎತ್ತಿ ಇಳಿಸುತ್ತಿದ್ದೆವು. ಟಿವಿ, ಟೇಪ್‌ರೆಕಾರ್ಡರು, ಕ್ಯಾಸೆಟ್ಟುಗಳು ಎಲ್ಲಕ್ಕೂ ಒಂದೊಂದು ಖಾನೆಯಿರುವ ಕಪಾಟು ಬೇಕೆಂಬುದು ನಮ್ಮ ಆಸೆ. ಅಂಗಡಿಯ ಕಪಾಟು ನಮ್ಮ ಕೈಗೆ ಎಟುಕುವಂಥದಲ್ಲ. "ಅದರಾಗೇನೈತಿ, ನಾನ ಮಾಡ್ತೇನಿ" ಎಂದೆ. ಮಕ್ಕಳಿಗೆ ರೇಖಾಗಣಿತ ಕಲಿಸುವವನಿಗೆ ನಾಲ್ಕು ಹಲಗೆ ಜೋಡಿಸುವುದು ಯಾವ ದೊಡ್ಡ ವಿಷಯ!

ಮರದ ಹೊಟ್ಟನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆಗಳನ್ನು ತಂದೆ. ಅಗ್ಗ, ನುಣುಪು, ಮೇಲೆ ಸಾಗವಾನಿಯ ಗೆರೆಗಳ ಕಾಗದ ಬೇರೆ. ಮಳೆಗಾಲದಲ್ಲಿ ಅವು ಚಹಾದಲ್ಲಿ ಅದ್ದಿದ ಬಿಸ್ಕೀಟಿನಂತೆ ಉಬ್ಬಿದವು. ನಡುವಿನ ಹಲಗೆ ಜೋತುಬಿತ್ತು. "ಇದು ಕಪಾಟೋ, ಜೋಕಾಲಿಯೋ?" ಎಂದಳು ಗಿರಿಜಾ. ಎರಡನೆಯ ಸಲ ಮಾವಿನ ಹಲಗೆ ತಂದೆ. ಅದು ಬಾಗಲಿಲ್ಲ, ನಿಜ. ಆದರೆ ಮೂರು ತಿಂಗಳಲ್ಲಿ ಟೇಪ್‌ರೆಕಾರ್ಡರಿನ ಮೇಲೆ ಹಿಟ್ಟು ಉದುರತೊಡಗಿತು. ಗಿರಿಜಾ ದಿನಾ ಒರೆಸುವಳು, ದಿನಾ ಉದುರುವುದು. ಒಳಗೆ ಹುಳುಗಳು ನನ್ನ ರೇಖಾಗಣಿತವನ್ನು ಸಾವಕಾಶ ತಿನ್ನುತ್ತಿದ್ದವು.

ಆ ಹಿಟ್ಟನ್ನು ಕಾಗದದಲ್ಲಿ ಕಟ್ಟಿಕೊಂಡು ನಾನು ಹುಸೇನಸಾಬ ಕಾಕಾರ ಮನೆಗೆ ಹೋದೆ. ಮನೆಯಲ್ಲಿ ಮಲಗಿದ ರೋಗಿಯ ಪರವಾಗಿ ದವಾಖಾನಿಗೆ ಹೋದಂತೆ.

ಹುಸೇನಸಾಬ ಕಾಕಾ ಮಗ್ಗದ ಬಡಿಗೇರು. ಇಳಕಲ್ಲಿನ ಎಷ್ಟೋ ಮನೆಗಳ ಕುಣಿಯೊಳಗೆ ಕಾಲಿಳಿಬಿಟ್ಟು ನೇಯುವ ಕುಣಿಮಗ್ಗಗಳು ಅವರ ಕೈಯಿಂದ ಆದವು. ಪಾವರ್‌ಲೂಮು ಬಂದ ಮೇಲೆ ಕಟ್ಟಿಗೆಯ ಮಗ್ಗ ಮಾಡಿಸುವವರು ಕಡಿಮೆಯಾದರು. ಕಾಕಾ ಮನೆಯ ಮುಂದಿನ ಕಟ್ಟೆಯ ಮೇಲೆ ಕೂಡುವುದು ಹೆಚ್ಚಾಯಿತು. ಅವರ ಕೈ ನಡುಗುತ್ತಿತ್ತು. ಚಹಾದ ಬಸಿ ಹಿಡಿದರೆ ಚಹಾ ತುಳುಕುತ್ತಿತ್ತು. ಇವರ ಕಡೆಯಿಂದ ಏನಾದೀತು ಎಂದು ನನಗೆ ಒಳಗೊಳಗೇ ಅನುಮಾನ.

ಹಿಟ್ಟನ್ನು ಮೂಸಿ ನೋಡಿ, "ಮಾಸ್ತರ, ಹಸಿ ಮಾವು ತಂದೀರಿ" ಎಂದರು. "ಅಗ್ಗದ ಕಟ್ಟಿಗಿ ಬೇಕಂದ್ರ ಹೊಸಾದು ನೋಡಬಾರದ್ರಿ. ಹಳೇದು ನೋಡಬೇಕು. ಬಾಗಲಕೋಟಿ ಊರ ಮನಿಗೋಳು ಬಿಚ್ಚಾಕತ್ತಾರ. ನಡೀರಿ, ಹೋಗೂಣು."

ನಿಮಗೆ ಗೊತ್ತಿರಬಹುದು, ಆಣೆಕಟ್ಟಿನ ಹಿನ್ನೀರು ಹಳೆಯ ಬಾಗಲಕೋಟೆಯೊಳಗೆ ಬರಲಿದ್ದ ಕಾಲವದು. ಜನ ನವನಗರಕ್ಕೆ ಹೋಗುತ್ತಿದ್ದರು. ಹೋಗುವ ಮೊದಲು ತಮ್ಮ ಕೈಯಾರೆ ಮನೆ ಬಿಚ್ಚುತ್ತಿದ್ದರು. ರವಿವಾರ ಇಬ್ಬರೂ ಬಸ್ಸು ಹಿಡಿದೆವು. ಕಾಕಾರ ಚೀಲದಲ್ಲಿ ಒಂದು ಉಳಿ, ಮತ್ತೆ ಕೆಟ್ಟುಹೋದ ಸ್ಪೀಕರಿನಿಂದ ತೆಗೆದ ಒಂದು ದುಂಡನೆಯ ಅಯಸ್ಕಾಂತ.

ನಾನು ಬೀದಿಗಳನ್ನು ನೋಡಿದ್ದೆ. ಬಿಚ್ಚಿದ ಬೀದಿಯನ್ನು ನೋಡಿರಲಿಲ್ಲ. ಬಾಗಿಲುಗಳು ಗೋಡೆಗೊರಗಿ ಸಾಲಾಗಿ ನಿಂತಿದ್ದವು. ಗೋಡೆಯೊಳಗಿನ ಮಾಡುಗಳು, ದೇವರ ಜಗುಲಿಗಳು ನೇರ ಬಿಸಿಲಿಗೆ ಬಿದ್ದು ಕಣ್ಣು ಕಿವುಚಿದಂತಿದ್ದವು. ಅಷ್ಟು ಮಣ್ಣನ್ನು, ಅಷ್ಟು ಮಳೆಯನ್ನು, ಮಾಳಿಗೆಯ ಮೇಲೆ ಮಲಗಿದ ಅಷ್ಟು ಜನರನ್ನು ತಲೆಮಾರುಗಟ್ಟಲೆ ಹೊತ್ತಿದ್ದ ತೊಲೆಗಳು ನೆಲದ ಮೇಲೆ ಬಿದ್ದಿದ್ದವು. ನನಗೆ ಗಟ್ಟಿಯಾಗಿ ಮಾತಾಡಲು ಧೈರ್ಯ ಬರಲಿಲ್ಲ.

ಒಳ್ಳೆಯ ಬಾಗಿಲು, ಕೆತ್ತನೆಯ ಕಂಬಗಳನ್ನೆಲ್ಲ ವ್ಯಾಪಾರಿಗಳು ಮೊದಲೇ ಹಿಡಿದಿದ್ದರು. ನಾನು ನಿರಾಶನಾಗಿ ತಿರುಗುತ್ತಿದ್ದರೆ, ಕಾಕಾ ಒಂದು ಮನೆಯ ಹಿತ್ತಲಲ್ಲಿ ಮಸಿ ಹಿಡಿದು ಕರ್ರಗಾದ ಜಂತಿಗಳ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟಿದ್ದರು. ಅಡಿಗೆಮನೆಯ ಮಾಳಿಗೆಗೆ ಅಡ್ಡಲಾಗಿ ಹಾಕಿದ್ದ ಜಂತಿಗಳವು. ಮುಟ್ಟಿದರೆ ಕೈಗೆ ಮಸಿ. ಪಕ್ಕದಲ್ಲಿ ಮನೆಯೊಡತಿ ನಿಂತಿದ್ದಳು; ಗಂಗವ್ವ ಎಂದು ಹೆಸರು, ಎಪ್ಪತ್ತು ದಾಟಿದ ಮುದುಕಿ.

"ಅವು ಉರವಲಕ್ಕ ಇಟ್ಟವಣ್ಣಾ" ಎಂದಳು. "ಎಲ್ಲಾರೂ ಒಲ್ಲೆ ಅಂದ್ರು."

ಕಾಕಾ ಬೆರಳ ಗಂಟಿನಿಂದ ಜಂತಿಯನ್ನು ಬಡಿದು, ಕಿವಿ ಹಚ್ಚಿ ಕೇಳಿದರು. ಒಂದನ್ನು ಪಕ್ಕಕ್ಕಿಟ್ಟರು, ಇನ್ನೊಂದನ್ನು ಹತ್ತಿರ ಎಳೆದುಕೊಂಡರು. ತುದಿಯಲ್ಲಿ ಹುಳುವಿನ ತೂತಿದೆಯೇ ಎಂದು ನೋಡಿದರು. ಅಯಸ್ಕಾಂತವನ್ನು ಉದ್ದಕ್ಕೂ ಸವರಿ, ಒಳಗೆ ಮುರಿದ ಮೊಳೆ ಇದ್ದಲ್ಲಿ ಅದು ಅಂಟಿಕೊಂಡಾಗ ಬೆರಳಿನಿಂದ ಗುರುತು ಮಾಡಿದರು. "ಅಡಗಿಮನಿ ಹೊಗಿ ಕುಡದ ಕಟ್ಟಿಗಿ ಮಾಸ್ತರ. ಇದಕ್ಕ ಯಾ ಹುಳಾನೂ ಬಾಯಿ ಹಾಕಂಗಿಲ್ಲ" ಎಂದರು. ಆಮೇಲೆ ಚೀಲದಿಂದ ಉಳಿ ತೆಗೆದರು. ಆಗ ನೋಡಿದೆ: ಕಟ್ಟಿಗೆಯನ್ನು ಮುಟ್ಟಿದ ಗಳಿಗೆಗೆ ಅವರ ಕೈಯ ನಡುಕ ನಿಂತುಹೋಗಿತ್ತು. ಗೇಣುದ್ದ ಒಂದೇ ಒಂದು ಸಿಪ್ಪೆ ಸುರುಳಿಯಾಗಿ ಎದ್ದು ಬಂತು.

ಮಸಿಯ ಕೆಳಗೆ ಸಾಗವಾನಿಯ ಬಂಗಾರದ ಬಣ್ಣ. ಇಂದು ಕಡಿದ ಹಾಗೆ ಎಣ್ಣೆಯ ವಾಸನೆ. ನಾನು ಬೆರಗಾಗಿ ಆ ಸಿಪ್ಪೆಯನ್ನು ಕೈಗೆತ್ತಿಕೊಂಡೆ.

ನನಗಿಂತ ಹೆಚ್ಚು ಬೆರಗಾದವಳು ಗಂಗವ್ವ. ಹತ್ತಿರ ಬಂದು ಬಾಗಿ, ಕೆತ್ತಿದ ಜಾಗದ ಮೇಲೆ ಹೆಬ್ಬೆರಳು ಒತ್ತಿದಳು. "ಲಗ್ನಾಗಿ ಬಂದಾಗಿಂದ ಇದರ ಕೆಳಗ ರೊಟ್ಟಿ ಬಡದೇನಣ್ಣಾ. ಮ್ಯಾಲ ನೋಡಿದ್ರ ಬರೇ ಕರೀದು. ಒಳಗ ಹಿಂಗೈತಿ ಅಂತ ನನಗ ಯಾರೂ ಹೇಳಲಿಲ್ಲಲ್ಲ."

ಜಂತಿಯ ಮೇಲಿನ ಕೈ ತೆಗೆಯದೆ, "ಇವನ್ನ ನಾ ಕೊಡಂಗಿಲ್ಲ" ಎಂದಳು.

ಒಪ್ಪಿಕೊಳ್ಳುತ್ತೇನೆ, ಆಗ ನನಗೆ ಬಂದದ್ದು ಸಿಟ್ಟು. ಕಾಕಾ ಯಾಕಾದರೂ ಅವಳೆದುರಿಗೆ ಕೆತ್ತಿದರೋ! ಗುಟ್ಟಾಗಿ ಕೊಂಡು ಒಯ್ದಿದ್ದರೆ ಆಗುತ್ತಿತ್ತಲ್ಲ! ಆದರೆ ಕಾಕಾ ಉಳಿಯನ್ನು ಚೀಲದಲ್ಲಿಟ್ಟು, "ಬ್ಯಾಡ್ರೆವ್ವಾ. ಒಲಿಗೆ ಮಾತ್ರ ಹಾಕಬ್ಯಾಡ್ರಿ, ಅಷ್ಟ ಸಾಕು" ಎಂದು ಎದ್ದು ನಿಂತರು. ಅವರ ದನಿಯಲ್ಲಿ ಒಂದಿಷ್ಟೂ ಬೇಸರವಿರಲಿಲ್ಲ.

ನಾವು ಹಿತ್ತಲು ದಾಟುವಷ್ಟರಲ್ಲಿ ಅವಳೇ ಕರೆದಳು.

"ಅಣ್ಣಾ, ನವನಗರದಾಗ ಮನಿಗೆ ಮ್ಯಾಲ ಸಿಮೆಂಟ ಹಾಕ್ಯಾರ. ಇವನ್ನ ಎಲ್ಲಿ ಇಡ್ಲಿ? ಒಯ್ರಿ. ನನಗ ಇದರಾಗ ಒಂದು ಕುಂದ್ರು ಮಣಿ ಮಾಡಿಕೊಡ್ರಿ. ಅಲ್ಲಿ ನಿಂತ ಅಡಗಿ ಮಾಡಬೇಕಂತ. ನನ್ನ ಕಾಲು ನಿಂದ್ರಂಗಿಲ್ಲ."

ಆಮೇಲೆ, ನನ್ನ ಕಡೆ ತಿರುಗಿ, "ನೀ ಏನ್ ಮಾಡಸ್ತೀ ತಮ್ಮಾ?" ಎಂದಳು.

ಆ ಬಿಚ್ಚಿದ ಮನೆಯ ಹಿತ್ತಲಲ್ಲಿ ನಿಂತು "ಟಿವಿ ಇಡೂ ಕಪಾಟ" ಎಂದು ಹೇಳಲು ನನಗೆ ನಾಚಿಕೆಯಾಯಿತು. ಅವಳು ಮಾತ್ರ ಮುಖ ಅರಳಿಸಿ, "ಛಲೋ ಆತು. ಮಂದಿ ಕೂಡಿ ನೋಡೂದು" ಎಂದಳು.

ಜಂತಿಗಳು ಟ್ರಕ್ಕಿನಲ್ಲಿ ಇಳಕಲ್ಲಿಗೆ ಬಂದವು, ಮಿಲ್ಲಿನಲ್ಲಿ ಹಲಗೆಗಳಾದವು. ಕಾಕಾ ನಮ್ಮ ಪಡಸಾಲೆಯಲ್ಲಿ ಕೂತು ದಿನವೂ ಕೆಲಸ ಮಾಡಿದರು. ರಜೆಯ ಎರಡು ವಾರ ನಾನೇ ಅವರ ಆಳು. ಒಂದು ಮೊಳೆ ಹೊಡೆಯಲಿಲ್ಲ. ಒಂದು ಹಲಗೆಯ ಹಲ್ಲು ಇನ್ನೊಂದರ ಬಾಯಿಗೆ ಕೂಡುವಂತೆ ಕೆತ್ತಿ, ಅಂಗೈಯಿಂದ ಒಮ್ಮೆ ಒತ್ತುತ್ತಿದ್ದರು. ಟಪ್ ಎಂದು ಒಂದು ಸಣ್ಣ ಸದ್ದು. ಆಮೇಲೆ ಸಂದಿ ಎಲ್ಲಿತ್ತೆಂದು ನನ್ನ ಕಣ್ಣಿಗೆ ಕಾಣುತ್ತಿರಲಿಲ್ಲ. ಮಕ್ಕಳಿಗೆ ನಾನು ಕರಿಹಲಗೆಯ ಮೇಲೆ ಬರೆದು ತೋರಿಸುತ್ತಿದ್ದ ಲಂಬಕೋನವನ್ನು ಈ ಓದು ಬಾರದ ಮನುಷ್ಯ ಅಂಗೈಯಲ್ಲಿ ಹೊತ್ತು ತಿರುಗುತ್ತಿದ್ದ. ಗಂಗವ್ವನ ಅಡಿಗೆಮನೆಯಲ್ಲಿ ಹಾಲಿನ ನೆಲುವು ತೂಗುಬಿಟ್ಟಿದ್ದ ಕೊಂಡಿಯ ತೂತುಗಳು ಹಲಗೆಯಲ್ಲಿ ಹಾಗೇ ಇದ್ದವು, ಮುಚ್ಚೋಣವೇ ಎಂದು ಕೇಳಿದೆ. "ಯಾಕ ಮುಚ್ಚೂದು? ನಿಮ್ಮ ವಾಯರ್ ಹಾಯಾಕ ದಾರಿ ಬೇಕಲ್ಲ?" ಎಂದು ನಕ್ಕರು.

ಎಲ್ಲಕ್ಕೂ ಮೊದಲು ಅವರು ಮಾಡಿದ್ದು ಗಂಗವ್ವನ ಮಣೆ. ಅದನ್ನು ತಲುಪಿಸುವ ಕೆಲಸ ನನ್ನದು. ಇವತ್ತು, ನಾಳೆ ಎನ್ನುತ್ತಾ ನಾನು ಹೊಸ ಕಪಾಟಿನ ಮುಂದೆ ಕಾಲು ಚಾಚಿ ಟಿವಿ ನೋಡುತ್ತಾ ಎರಡು ತಿಂಗಳು ಕಳೆದೆ. ಕೊನೆಗೆ ಒಂದು ಬೆಳಿಗ್ಗೆ ಕಾಕಾ ಮಣೆಯನ್ನು ಬಗಲಲ್ಲಿ ಹಿಡಿದು ಬಸ್‌ಸ್ಟ್ಯಾಂಡಿಗೆ ಹೊರಟದ್ದು ಗಿರಿಜಾಳ ಕಣ್ಣಿಗೆ ಬಿತ್ತು. ನಾನು ಚಪ್ಪಲಿ ಮೆಟ್ಟಿ ಓಡಿದೆ.

ನವನಗರದಲ್ಲಿ ಎಲ್ಲಕ್ಕೂ ನಂಬರು. ಸೆಕ್ಟರ್ ಯಾವುದು ಎಂದು ಕೇಳಿದರೆ ನಮಗೆ ಗೊತ್ತಿಲ್ಲ. ಹಳೆಯ ಊರಿನ ಓಣಿ ಹೇಳಿದರೆ ಅವರಿಗೆ ಗೊತ್ತು, ಆದರೆ ಓಣಿಯ ಮಂದಿ ಚೆದುರಿದ್ದರು. ಒಂದೇ ತರದ ಹೊಸ ಮನೆಗಳ ನಡುವೆ, ನೆರಳಿಲ್ಲದ ರಸ್ತೆಗಳಲ್ಲಿ ಮಧ್ಯಾಹ್ನದವರೆಗೆ ತಿರುಗಿದೆವು. ನನಗೆ ತಲೆ ಎತ್ತಲಾಗಲಿಲ್ಲ. ಬೇಗ ಬಂದಿದ್ದರೆ ಅವಳು ಹಳೆಯ ಊರಿನಲ್ಲೇ ಸಿಗುತ್ತಿದ್ದಳು. ಕಾಕಾ ಮಣೆಯನ್ನು ಬಗಲಿನಿಂದ ಬಗಲಿಗೆ ಬದಲಿಸುತ್ತಾ ಮುಂದೆ ನಡೆದರು.

ಕೊನೆಗೆ ಹಿಟ್ಟಿನ ಗಿರಣಿಯೊಂದರಲ್ಲಿ ಗಂಗವ್ವನ ಗುರುತಿನವರು ಸಿಕ್ಕು ದಾರಿ ತೋರಿಸಿದರು. ಗಂಗವ್ವ ನಮ್ಮನ್ನು ನೋಡಿ, "ಬರೂದಿಲ್ಲ ಅಂದ್ಕೊಂಡಿದ್ನಿ" ಎಂದಳು. ಅಷ್ಟೇ. ಮಣೆಯನ್ನು ಮಡಿಲಲ್ಲಿಟ್ಟುಕೊಂಡು ಸವರಿದಳು, ಮೂಸಿದಳು. ಆಮೇಲೆ ಗೋಡೆಗೆ ನಿಲ್ಲಿಸಿ, ತಾನು ಬರೀ ನೆಲದ ಮೇಲೆ ಕೂತಳು.

"ಕುಂದ್ರಾಕಂತ ಹೇಳಿ ಮಾಡಿಸಿದ್ನಿ ಅಣ್ಣಾ. ಆದ್ರ ಇಷ್ಟ ವರ್ಷ ನಮ್ಮ ತಲಿ ಕಾಯ್ದದ್ದು. ಅದರ ಮ್ಯಾಲ ಹೆಂಗ ಕುಂದ್ರಲಿ?"

ನನಗೂ ಹೌದೆನಿಸಿತು. ಕಾಕಾ ಮಾತ್ರ ಮಣೆಯನ್ನು ತೆಗೆದು ಅವಳ ಮುಂದೆ ಹಾಕಿದರು. ಹಾಕಿದ ಮೇಲೆ ಅವರ ಕೈ ಮತ್ತೆ ನಡುಗತೊಡಗಿತ್ತು. ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡರು.

"ಅವ್ವಾರ, ಹೊರೂದ ಅದಕ್ಕ ಗೊತ್ತಿರೂ ಕೆಲಸ. ಗ್ವಾಡಿಗಿ ನಿಂದ್ರಿಸಿ ಅದರ ಕೆಲಸ ಬಿಡಿಸಬ್ಯಾಡ್ರಿ. ಕೆಲಸ ಇಲ್ದ ಕುಂದ್ರೂದು ಭಾಳ ತ್ರಾಸ."

ಗಂಗವ್ವ ಅವರ ಮುಖವನ್ನೇ ನೋಡಿದಳು. ಅವರ ಕೈಗಳನ್ನು ನೋಡಿದಳು. ಆಮೇಲೆ ಮಣೆಗೆ ಕೈಮುಟ್ಟಿಸಿ ಕಣ್ಣಿಗೊತ್ತಿಕೊಂಡು, ಅದರ ಮೇಲೆ ಕೂತು, ನೆಲದ ಮೇಲೆ ಇಳಿಸಿಟ್ಟುಕೊಂಡಿದ್ದ ಒಲೆ ಹಚ್ಚಿದಳು. ಅವತ್ತು ಬಿಸಿ ರೊಟ್ಟಿ, ಕಡಲೆಹಿಟ್ಟಿನ ಝುಣಕ. ಕಾಕಾ ಎರಡು ಸಲ ಹಾಕಿಸಿಕೊಂಡರು.

ಅವರಿಬ್ಬರೂ ಈಗಿಲ್ಲ. ಮೊನ್ನೆ, ಖಾಲಿ ಕಪಾಟಿನ ಮುಂದೆ ಕೂತು ಇದನ್ನೆಲ್ಲ ನೆನೆಯುತ್ತಿದ್ದವನಿಗೆ ನನ್ನ ಬಿರುಸು ಎಂಥ ತಪ್ಪೆಂದು ತಿಳಿಯಿತು. ಮಗಳು ಕೆರೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಅವಳಿಗೆ ಫೋನು ಮಾಡಿ, "ನಿನಗ ಕಪಾಟ ಬೇಕೇನವಾ?" ಎಂದು ಕೇಳಿದೆ. "ಅಪ್ಪಾ, ಅದನ್ನ ಕೊಡ್ತೀಯೇನು?" ಎಂದು ಅವಳಿಗೆ ನಂಬಿಕೆಯೇ ಬರಲಿಲ್ಲ.

ಟೆಂಪೋದಿಂದ ಇಳಿಸಲು ನಾಲ್ಕು ಜನ ಬೇಕಾದರು. ಅಂಗಡಿಯ ಒಳಗೋಡೆಗೆ ನಿಲ್ಲಿಸಿ ಒರೆಸಿದ ಮೇಲೆ, ಮಗಳು ಹೊಲಿದ ಬಟ್ಟೆಗಳ ದೊಡ್ಡ ಗಂಟೊಂದನ್ನು ಎರಡೂ ಕೈಯಿಂದ ಎತ್ತಿ ನಡುವಿನ ಹಲಗೆಯ ಮೇಲೆ ಇಟ್ಟಳು. ನಾನು ಬಗ್ಗಿ ನೋಡಿದೆ. ಕೂದಲೆಳೆಯಷ್ಟೂ ಬಾಗಲಿಲ್ಲ.

"ಇನ್ನೂ ಇಡು" ಎಂದೆ.