ಶುಕ್ರವಾರ ತೆರೆಯದ ಹಗೇವು

ತಂಗಿಯ ಓದು ನಿಲ್ಲಬಾರದು, ನನ್ನದೂ ನಿಲ್ಲಬಾರದು. ಆ ವರ್ಷ ರಜೆಗೆ ಊರಿಗೆ ಬಂದಾಗ ನನ್ನ ತಲೆಯಲ್ಲಿ ಬೇರೆ ಏನೂ ಇರಲಿಲ್ಲ. ನಾನು ವಿದ್ಯಾರ್ಥಿವೇತನದ ಮೇಲೆ ಪರದೇಶದಲ್ಲಿ ಗಣಿತ ಓದುತ್ತಿದ್ದೆ. ಅದು ನನ್ನೊಬ್ಬಳ ಹೊಟ್ಟೆಗೆ ಸರಿಹೋಗುತ್ತಿತ್ತು. ತಂಗಿ ಯಾದಗಿರಿಯ ಹಾಸ್ಟೆಲಿನಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದಳು. ಅಪ್ಪ, ಅವ್ವ ಇಬ್ಬರೂ ತೀರಿಹೋಗಿದ್ದರು. ಅವಳ ಖರ್ಚು ನೋಡಿಕೊಳ್ಳುತ್ತಿದ್ದ ಕಾಕಾ, ಅಪ್ಪನ ತಮ್ಮ, ಸುರಪುರದಲ್ಲಿ ಗುಮಾಸ್ತರಾಗಿದ್ದರು. ಅವರು ಇನ್ನು ಸಾಕು ಎಂದುಬಿಟ್ಟರು.

“ನೀ ಅಲ್ಲಿ ಲೆಕ್ಕ ಬಿಡಿಸ್ಕೋತ ಕುಂದ್ರು, ನಾ ಇಲ್ಲಿ ಹಾಸ್ಟೆಲ್ ರೊಕ್ಕ ಕಟ್ಕೋತ ಕುಂದರ್ತೀನಿ. ವರ ನೋಡೀನಿ. ಈ ವರ್ಷನೇ ಮಾಡಿ ಕೊಟ್ಟುಬಿಡೂಣು.”

ಅಪ್ಪನ ಹೊಲ ಕಾಲುವೆಗೆ ಹೋಗಿತ್ತು. ಅದರ ಪರಿಹಾರದಲ್ಲಿ ನಮ್ಮ ಪಾಲು ಬ್ಯಾಂಕಿನಲ್ಲಿತ್ತು. ಬಡ್ಡಿ ಅವಳ ಊಟಕ್ಕೂ ಸಾಲದು. ಅಸಲನ್ನು ತೆಗೆದು ತಿಂದರೆ ಅವಳ ಓದು ಮುಗಿಯುವ ಮೊದಲೇ ಕರಗುತ್ತದೆ. ಅದಕ್ಕೆ ಬ್ಯಾಂಕಿನ ಸಾಲ ಸೇರಿಸಿ ಒಂದು ಮನೆ ಕೊಂಡು ಬಾಡಿಗೆಗೆ ಕೊಟ್ಟರೆ ತಿಂಗಳು ತಿಂಗಳು ತಂಗಿಯ ಕೈಗೆ ದುಡ್ಡು ಬರುತ್ತದೆ ಎಂದು ಯೋಚಿಸಿದೆ. ಶಹಾಪುರದಲ್ಲಿ ಆಗ ಕಾಲುವೆ ಇಲಾಖೆಯವರು ಮನೆಗಾಗಿ ಅಲೆಯುತ್ತಿದ್ದರು. ಕ್ವಾರ್ಟರ್ಸ್ ಎಲ್ಲರಿಗೂ ಸಿಗುತ್ತಿರಲಿಲ್ಲ.

ನಾನು ಕೆಲಸವನ್ನು ಕ್ರಮವಾಗಿ ಮಾಡುವವಳು. ಬಾಡಿಗೆಯಲ್ಲಿ ಬ್ಯಾಂಕಿನ ಕಂತು ಕಳೆದೆ, ಮನೆಪಟ್ಟಿ ತೆರಿಗೆ ಕಳೆದೆ, ಸುಣ್ಣ ಮತ್ತು ರಿಪೇರಿ ಕಳೆದೆ, ವರ್ಷದಲ್ಲಿ ಒಂದೆರಡು ತಿಂಗಳು ಮನೆ ಖಾಲಿ ಬಿದ್ದೀತೆಂದು ಅದನ್ನೂ ಕಳೆದೆ. ತಂಗಿಗೆ ಆಗುವಷ್ಟು ಉಳಿಯುತ್ತಿತ್ತು. ಆದರೆ ಬ್ಯಾಂಕಿನ ಮ್ಯಾನೇಜರು ಕಾಗದ ನೋಡುವ ಮೊದಲೇ ಕೇಳಿದರು.

“ನೀವು ಇರೂದು ಪರದೇಶದಾಗ, ಪಗಾರ ಎಲ್ಲೂ ಇಲ್ಲ. ಕಂತು ತಪ್ಪಿದ್ರ ನಾ ಯಾರ ಮನಿ ಬಾಗಿಲಾ ಬಡೀಲಿ, ಹೇಳ್ರಿ?”

ಪಗಾರ ಇದ್ದವರ ಜಾಮೀನು ಬೇಕಾಯಿತು. ಕಾಕಾ ಒಂದು ವಾರ ಸತಾಯಿಸಿ ಕೊನೆಗೆ ಹೂಂ ಎಂದರು.

ಶಹಾಪುರದ ಹಳೇ ಪೇಟೆಯಲ್ಲಿ ಕಿರಾಣಿ ವ್ಯಾಪಾರಿಯೊಬ್ಬರ ಮನೆ ಸಿಕ್ಕಿತು. ಕಲ್ಲಿನ ಗೋಡೆ, ಗಟ್ಟಿ ತೊಲೆ, ಹಿತ್ತಲಿನಲ್ಲಿ ಬಾವಿ. ಬಾಡಿಗೆಗೆ ಬರಲು ಇಲಾಖೆಯ ಓವರ್‌ಸೀರ್ ಒಬ್ಬರು ಒಪ್ಪಿದ್ದರು. ಪಡಸಾಲೆಯ ನಡುವೆ ಹಗೇವಿತ್ತು, ಜೋಳ ತುಂಬಿಡುವ ನೆಲದೊಳಗಿನ ಕುಣಿ. ಬಾಯಿಗೆ ಚಪ್ಪಡಿ ಮುಚ್ಚಿ ಸುತ್ತ ಮಣ್ಣು ಮೆತ್ತಿದ್ದರು. ಅದನ್ನೂ ನೋಡಬೇಕೆಂದು ಕೇಳಿದೆ.

“ಇವತ್ತ ಶುಕ್ರವಾರ ಅದವ್ವ. ಬಾಯಿ ತೆಗದ್ರ ಲಕ್ಷ್ಮಿ ಹೊರಗ ಹೋಗ್ತಾಳ,” ಎಂದರು ವ್ಯಾಪಾರಿ. “ನಿಮ್ಮನ್ಯಾಗ ತೆಗೀತಿದ್ರೇನು?”

ನಮ್ಮ ಮನೆಯಲ್ಲೂ ತೆಗೆಯುತ್ತಿರಲಿಲ್ಲ. ಶುಕ್ರವಾರ ಹಗೇವಿನ ಹತ್ತಿರ ಕಸಬರಿಗೆ ತಂದರೂ ಅವ್ವ ಗದರುತ್ತಿದ್ದಳು. ತೆಗೆಸುವ ಮಾತು ಅಲ್ಲಿಗೇ ಬಿಟ್ಟೆ. ಮರುದಿನ ಕೆಂಭಾವಿಯಿಂದ ಬೇರೆ ಗಿರಾಕಿ ಬರುತ್ತಾರೆ ಎಂದು ಅವರು ಹೇಳಿದ್ದರಿಂದ ಜೊತೆಗೆ ಬಂದಿದ್ದ ಕಾಕಾನಿಗೂ ಅವಸರ. ಪರಿಹಾರದ ಬಹುಪಾಲು ಆವತ್ತೇ ಮುಂಗಡವಾಗಿ ಹೋಯಿತು. ಶುಕ್ರವಾರ ರೊಕ್ಕ ಎಣಿಸಿಕೊಳ್ಳಲು ವ್ಯಾಪಾರಿಗೆ ಯಾವ ಅಡ್ಡಿಯೂ ಇರಲಿಲ್ಲ.

ಸೋಮವಾರ ಓವರ್‌ಸೀರರನ್ನು ಕರೆದುಕೊಂಡು ಹೋದೆವು. ಅವರು ಚಪ್ಪಡಿಯ ಮೇಲೆ ನಿಂತು ಸುತ್ತಲ ನೆಲವನ್ನು ಒಮ್ಮೆ ಮುಟ್ಟಿ ನೋಡಿ, ತೆಗೆಸಿರಿ ಎಂದರು. ಆಳೊಬ್ಬ ಹಾರೆಯಿಂದ ಎಬ್ಬಿಸಿದ. ಕೊಳೆತ ಜೋಳದ ನಾತ ಮೊದಲು ಬಂತು. ಕೈ ಇಳಿಬಿಟ್ಟರೆ ಸಿಗುವಷ್ಟು ಮೇಲೆ ನೀರು ನಿಂತಿತ್ತು.

“ಕಾಲುವಿಗೆ ನೀರ ಬಿಟ್ಟಾಗಿಂದ ಈ ಕಡಿ ನೆಲ ಎಲ್ಲಾ ಹಿಂಗೇ ಜಿನುಗಾಕತ್ತದ,” ಎಂದರು ಅವರು. “ಗೋಡಿ ಇನ್ನೆಷ್ಟ ದಿನ ತಡೀತಾವು?”

“ಬಿಟ್ಟೋರು ನೀವ ಅಲ್ಲೇನ್ರಿ?” ಎಂದರು ಕಾಕಾ.

“ಬಿಡೂದು ನನ್ನ ನೌಕರಿ ರೀ. ಅದರ ಮ್ಯಾಲ ಮಲಗೂದು ನೌಕರಿ ಅಲ್ಲ.”

ಅವರು ಹೋದ ಮೇಲೆ ಕಾಕಾ ಪಡಸಾಲೆಯಲ್ಲೇ ಕುಳಿತು ಜಾಮೀನಿಗೆ ಸಹಿ ಹಾಕುವುದಿಲ್ಲ ಎಂದರು. ನಾನು ಅವರ ಕಾಲು ಹಿಡಿದೆ. ಕುಣಿಗೆ ಮೊರಂ ಮಣ್ಣು ತುಂಬಿಸುತ್ತೇನೆ, ಕಡಿಮೆ ಬಾಡಿಗೆಗಾದರೂ ಕೊಡುತ್ತೇನೆ, ನೀವು ಸಹಿ ಹಾಕಿರಿ ಎಂದು ಬೇಡಿಕೊಂಡೆ. ಬಾಯಿಂದ ಬರುತ್ತಿದ್ದ ಲೆಕ್ಕ ನನಗೇ ಸರಿ ಕಾಣುತ್ತಿರಲಿಲ್ಲ.

“ಕಂತು ನನ್ನ ಪಗಾರದಾಗ ಮುರ್ಕೋತಾರ. ನನ್ನ ಮಕ್ಕಳ ಬಾಯಾಗ ಮಣ್ಣ ಹಾಕ್ಲೇನು?” ಎಂದು ಕಾಲು ಬಿಡಿಸಿಕೊಂಡರು.

ಜಾಮೀನಿಲ್ಲದೆ ಸಾಲ ಹೋಯಿತು, ಮನೆ ಕೊಳ್ಳುವುದೂ ಹೋಯಿತು. ಉಳಿದದ್ದು ಮುಂಗಡ. ಅದನ್ನು ಕೇಳಲು ಮೂರು ಸಲ ಅಂಗಡಿಗೆ ಹೋದೆ. ಮೂರನೆಯ ಸಲ ವ್ಯಾಪಾರಿ ತಕ್ಕಡಿಯಿಂದ ಕಣ್ಣೆತ್ತದೆ ಹೇಳಿದರು:

“ಮಗಳ ಲಗ್ನಕ್ಕ ಖರ್ಚಾಗ್ಯಾದವ್ವ. ಎಲ್ಲಿಂದ ತರ್ಲಿ? ಬೇಕಾದ್ರ ಅದು ತೀರೋತನ ನೀವ ಆ ಮನ್ಯಾಗ ಬಾಡಿಗಿ ಇರ್ರಿ.”

ಅಂಗಡಿಯಲ್ಲಿದ್ದವರು ನಕ್ಕರು. ನಾನು ಅಲ್ಲೇ ನಿಂತು ಮುಂಗಡವನ್ನು ತಿಂಗಳ ಬಾಡಿಗೆಯಿಂದ ಭಾಗಿಸಿ ನೋಡಿದೆ. ಆ ಬಾಡಿಗೆಯ ಲೆಕ್ಕದಲ್ಲಿ ತಂಗಿಯ ಓದು ಮುಗಿಯುವವರೆಗೆ ಸೂರಿತ್ತು. ಊಟಕ್ಕೆ ಮಾತ್ರ ಯಾರಾದರೂ ದುಡಿಯಬೇಕಿತ್ತು.

ಪರದೇಶಕ್ಕೆ ಮರಳುವ ಟಿಕೆಟ್ ರದ್ದು ಮಾಡಿಸಿದೆ. ಒಂದು ಖಾಸಗಿ ಶಾಲೆಯಲ್ಲಿ ಗಣಿತದ ಕೆಲಸ ಸಿಕ್ಕಿತು. ಹಾಸ್ಟೆಲ್ ಬಿಡಿಸಿ ತಂಗಿಯನ್ನು ಆ ಮನೆಗೇ ಕರೆತಂದೆ. ಅವಳು ಅಲ್ಲಿಂದಲೇ ಬಸ್ಸಿನಲ್ಲಿ ಕಾಲೇಜಿಗೆ ಹೋಗತೊಡಗಿದಳು. ಕಾಕಾ ವರನ ಮಾತು ಮತ್ತೆ ಎತ್ತಲಿಲ್ಲ. ಬೆಳಿಗ್ಗೆ ಎದ್ದರೆ ಚಾಪೆಗಳ ಕೆಳಮೈ ಒದ್ದೆಯಾಗಿರುತ್ತಿತ್ತು. ಬಿಸಿಲಿಗೆ ಹಾಕಿ ಬಂದು ಒಲೆ ಹೊತ್ತಿಸುತ್ತಿದ್ದೆ.

“ಯಕ್ಕಾ, ನಿನ್ನ ಕಾಲೇಜು ಅಲ್ಲಿ ಯಾವಾಗ ಸುರು ಆಗ್ತದ?” ಎಂದು ಅವಳು ಒಂದು ದಿನ ಕೇಳಿದಳು.

ಅದು ಸುರುವಾಗಿ ತಿಂಗಳಾಗಿತ್ತು.

“ರೊಟ್ಟಿ ತಿನ್ನು,” ಎಂದೆ. “ಬಸ್ಸಿಗೆ ಹೊತ್ತಾತು.”