ಎಳೆಗೆ ಅಂಟದ ಹರಳು

ಮೆಲ್ಬರ್ನ್ ವಿಮಾನದಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದೆ. ಒಳಗೆ ಅಂಗೈಯಗಲದ ನಾಲ್ಕು ಬಿಳಿ ಹಾಳೆಗಳು. ಕೂದಲಿಗಿಂತ ನೂರಾರು ಪಟ್ಟು ಸಪೂರವಾದ ಪಾಲಿಮರ್ ಎಳೆಗಳ ಹಾಳೆ. ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುವ ಹರಳು ಬೆಳೆಸಿದ್ದೆ. ಅಮೋನಿಯಾ ಸೋರಿದರೆ ಆ ರಂಧ್ರಗಳು ಅದನ್ನು ಹಿಡಿದಿಟ್ಟುಕೊಳ್ಳಬೇಕು. ಕೋಲ್ಡ್ ಸ್ಟೋರೇಜ್ ಕೆಲಸಗಾರರ ಮಾಸ್ಕಿಗೆಂದು ಮಾಡಿದ್ದು. ಸಿಡ್ನಿಯ ಮ್ಯಾಕ್ವೆರಿ ಪಾರ್ಕಿನ ನಮ್ಮ ಲ್ಯಾಬಿನಲ್ಲಿ ಇದಕ್ಕೇ ಒಂದೂವರೆ ವರ್ಷ ಹೋಗಿತ್ತು. ನನ್ನ ಕಾಂಟ್ರ್ಯಾಕ್ಟ್ ಮುಗಿಯಲು ಎರಡು ತಿಂಗಳಿತ್ತು, ಆಸ್ಟ್ರೇಲಿಯಾದಲ್ಲಿ ಕಾಯಂ ನೆಲೆಸಲು ಬೇಕಾದ ಪಿಆರ್ ಇನ್ನೂ ಬಂದಿರಲಿಲ್ಲ.

ಮೆಲ್ಬರ್ನಿನ ಕೋಲ್ಡ್ ಸ್ಟೋರೇಜ್ ಕಂಪನಿಯ ಟೆಸ್ಟ್ ಮಾಡುವ ಕೋಣೆಯಲ್ಲಿ ಡಬ್ಬಿ ತೆರೆದೆ. ತಳದಲ್ಲಿ ಅಕ್ಕಿಹಿಟ್ಟು ಚೆಲ್ಲಿದ ಹಾಗೆ ಬಿಳಿ ಪುಡಿ. ಮೂರು ಹಾಳೆಗಳಿಂದ ಹರಳು ಉದುರಿಹೋಗಿತ್ತು.

ಜೊತೆಗೆ ಬಂದಿದ್ದ ನಮ್ಮ ಲ್ಯಾಬಿನ ಸೀನಿಯರ್, ಮಂಗಳೂರಿನವರು, ಬಗ್ಗಿ ನೋಡಿದರು. "ಒಂದು ಸರಿ ಉಂಟಲ್ಲ, ಅದನ್ನೇ ಹಾಕುವ," ಅಂದರು ಮೆಲ್ಲಗೆ. "ಉಳಿದದ್ದು ಸಿಡ್ನಿಗೆ ಹೋಗಿ ನೋಡುವ."

"ಮೇಡಂ, ಇದು ಮೂಗಿನ ಮೇಲೆ ಕೂರೋದು. ಈ ಪುಡಿ ಎಲ್ಲಿಗೆ ಹೋಗುತ್ತೆ?"

"ನಿಮ್ಮ ಕಾಂಟ್ರ್ಯಾಕ್ಟ್ ನೆನಪುಂಟಾ?"

ಹೆದರಿಸಲು ಕೇಳಿದ್ದಲ್ಲ. ಅವರಿಗೂ ಹೆದರಿಕೆಯಾಗಿತ್ತು.

ಅಷ್ಟರಲ್ಲಿ ಕಂಪನಿಯ ಸೇಫ್ಟಿ ಆಫೀಸರ್ ಒಳಗೆ ಬಂದರು. ಐವತ್ತು ದಾಟಿದ ಮನುಷ್ಯ. ಹಿಂದೊಮ್ಮೆ ಅಮೋನಿಯಾ ಸೋರಿಕೆಯಲ್ಲಿ ಸಿಕ್ಕಿಕೊಂಡಿದ್ದರಂತೆ. ಎರಡು ಮಾತಿಗೊಮ್ಮೆ ಕೆಮ್ಮುತ್ತಿದ್ದರು. ಆ ಕೆಮ್ಮು ಕೇಳಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಡಬ್ಬಿಯನ್ನು ಅವರ ಕಡೆ ಸರಿಸಿದೆ. "ಇವತ್ತು ಟೆಸ್ಟ್ ಬೇಡ. ಹರಳು ಎಳೆಗೆ ಅಂಟಿಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಅವರು ಗ್ಲೌಸ್ ಹಾಕಿದ ಬೆರಳಲ್ಲಿ ಪುಡಿ ಮುಟ್ಟಿ ನೋಡಿದರು. ಸೀನಿಯರ್ ಕಿಟಕಿಯತ್ತ ತಿರುಗಿದ್ದರು.

"ಎಷ್ಟು ದಿನ ಬೇಕು?" ಆಫೀಸರ್ ಕೇಳಿದರು.

"ಆರು ವಾರ," ಅಂದೆ, ಯಾವ ಧೈರ್ಯದ ಮೇಲೋ.

ಸಿಡ್ನಿಗೆ ಮರಳಿ ಹರಳು ಬೆಳೆಸುವ ವಿಧಾನ ಬದಲಾಯಿಸಿದೆವು. ಎಳೆ ತೆಗೆಯುವ ಮೊದಲೇ ಪಾಲಿಮರ್ ದ್ರಾವಣಕ್ಕೆ, ಹರಳಿಗೆ ಮೂಲವಾದ ಸತುವಿನ ಲವಣ ಬೆರೆಸಿದೆವು, ಹರಳು ಎಳೆಯ ಒಳಗಿಂದಲೇ ಬೇರು ಬಿಟ್ಟು ಬೆಳೆಯಲಿ ಎಂದು. ಮೊದಲೆರಡು ಸಲ ಎಳೆಗಳೇ ತುಂಡಾದವು. ಲವಣ ಕಡಿಮೆ ಮಾಡುತ್ತ ಹೋದೆ. ಐದನೆಯ ವಾರ ಒಂದು ಹಾಳೆ ಸಿಕ್ಕಿತು. ಸೀನಿಯರ್ ಅದನ್ನು ಕಪ್ಪು ಕಾಗದದ ಮೇಲೆ ಹಿಡಿದು ಬಗ್ಗಿಸಿದರು, ಕೊಡವಿದರು. ಕಾಗದ ಕಪ್ಪಗೇ ಇತ್ತು.

"ಇನ್ನೊಮ್ಮೆ ಮಡಚಿ, ಮೇಡಂ."

ಮಡಚಿದರು. ಏನೂ ಬೀಳಲಿಲ್ಲ. ಅವರು ಕುರ್ಚಿ ಎಳೆದುಕೊಂಡು ಕೂತರು. "ಅವತ್ತು ಮೆಲ್ಬರ್ನಿನಲ್ಲಿ ಒಂದನ್ನೇ ಹಾಕುವ ಅಂತ ನಾನು ಹೇಳಬಾರದಿತ್ತು," ಅಂದರು.