ಗೆರಿಲ್ಯೊ

ಮೊನ್ನೆ ಮಗಳು ತಂದ ಪೊಟ್ಟಣದಲ್ಲಿ ಅಕ್ರೋಟಿನ ಸುಲಿದ ತಿರುಳುಗಳಿದ್ದವು. ಮೂಸಿದೆ, ಕಮಟು ವಾಸನೆ. ಕೂಡಲೇ ಪುಣೆಯ ಕೋಥರೂಡದಲ್ಲಿದ್ದ ಆ ಒಣಹಣ್ಣಿನ ಅಂಗಡಿ ನೆನಪಾಯಿತು. ಅಲ್ಲಿ ಇಂಥದ್ದು ಯಾರ ಕೈಗೂ ಹೋಗುತ್ತಿರಲಿಲ್ಲ.

ಅಂಗಡಿಯವರು ಧಾರವಾಡದ ಕಡೆಯವರು. ಗಿರಾಕಿಯ ಎದುರಿಗೇ ಚೀಲದಿಂದ ಒಂದು ಅಕ್ರೋಟು ತೆಗೆದು, ತೂಕದ ಕಲ್ಲಿನಿಂದ ಒಡೆದು, ತಿರುಳು ತಿನ್ನಿಸಿದ ಮೇಲೆಯೇ ತಕ್ಕಡಿ ಮುಟ್ಟುತ್ತಿದ್ದರು. ಅವಸರದವರು ಗೊಣಗಿದರೆ, "ಮೊದಲ ತಿನ್ರಿ, ಆಮ್ಯಾಲ ಬೈರಿ," ಎನ್ನುತ್ತಿದ್ದರು.

ನಾನಾಗ ವಿಶ್ವವಿದ್ಯಾಲಯದಲ್ಲಿ ಭಾಷಾಶಾಸ್ತ್ರ ಓದುತ್ತಿದ್ದೆ, ಜೊತೆಗೆ ಒಂದಿಷ್ಟು ಇಟಾಲಿಯನ್. ಎಲ್ಲದಕ್ಕೂ ಪುರಾವೆ ಕೇಳುವ ಚಟ ಬೇರೆ. ಒಂದು ದಿನ ಅವರು ತಿರುಳೊಂದನ್ನು ಎತ್ತಿ ಹಿಡಿದು, "ಸಾಹೇಬ್ರ, ಇದಕ್ಕ ಇಟಲಿಯೊಳಗ ಏನಂತಾರ್ರೀ?" ಎಂದರು.

"ಗೆರಿಲ್ಯೊ ಅಂತಾರ್ರಿ."

ಆ ಶಬ್ದ ಎಲ್ಲಿಂದ ಬಂತು ಎಂದೂ ಕೇಳಿದರು. ಗೊತ್ತಿಲ್ಲ ಎನ್ನಬಹುದಿತ್ತು. "ನಮ್ಮ ಗೇರಿನಿಂದನ ಬಂದದ. ಪೋರ್ಚುಗೀಸರು ಗೋವಾದಿಂದ ಒಯ್ದಾರ," ಎಂದುಬಿಟ್ಟೆ. ತಮಾಷೆಗೆ ಹೇಳಿದೆನೋ, ಜಂಬಕ್ಕೋ... ತಮಾಷೆಗೆ ಎಂದು ನೆನಪು ಹೇಳುತ್ತದೆ. ಆದರೆ ಅದು ನನ್ನದೇ ನೆನಪು, ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತಿರಬಹುದು.

ಎಲ್ಲವನ್ನೂ ಒಡೆದು ನೋಡುವ ಮನುಷ್ಯ ಇದನ್ನು ಹಾಗೆಯೇ ತೆಗೆದುಕೊಂಡರು. ನಮ್ಮ ಶಬ್ದ ಇಟಲಿಗೆ ಹೋಗಿದೆ ಎಂದು ಬಂದವರಿಗೆಲ್ಲ ಹೇಳತೊಡಗಿದರು. ಮರಾಠಿ ಗಿರಾಕಿಗಳಿಗೆ ಇನ್ನಷ್ಟು ಗಟ್ಟಿಯಾಗಿ.

ನಾನು ನಿಘಂಟು ತೆರೆದದ್ದು ಆಮೇಲೆ. ಇಂಥ ಕಾಯಿಗೆ ಗ್ರೀಕಿನಲ್ಲಿ 'ಕಾರ್ಯೊನ್' ಎನ್ನುತ್ತಾರೆ. ಅದೇ ಲ್ಯಾಟಿನ್ನಿನ ಹಾದಿಯಲ್ಲಿ ಸವೆದು ಗೆರಿಲ್ಯೊ ಆಯಿತಂತೆ. ನಮ್ಮ ಗೇರಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ನಾಳೆ ಹೋಗಿ ಹೇಳೋಣ ಎಂದುಕೊಂಡೆ. ತಿಂಗಳುಗಳು ಕಳೆದವು.

ಒಂದು ಸಂಜೆ ನಾನು ಅಲ್ಲಿದ್ದಾಗಲೇ ನಮ್ಮ ಕಡೆಯ ನಿವೃತ್ತ ಪ್ರಾಧ್ಯಾಪಕರೊಬ್ಬರು ಅಂಗಡಿಯವರ ಗೇರಿನ ಕತೆ ಕೇಳಿ ನಕ್ಕರು. "ಗೇರಿನ ಗಿಡಾನ ಪೋರ್ಚುಗೀಸರು ಹೊರಗಿಂದ ತಂದದ್ದು, ಸಾವಕಾರ್ರ! ಯಾವ ಶಾಣ್ಯಾ ಹೇಳ್ಯಾನ ನಿಮಗ?" ಅಂಗಡಿ ತುಂಬ ನಗು.

ಅಂಗಡಿಯವರು ಒಮ್ಮೆ ನನ್ನತ್ತ ನೋಡಿದರು. ನಾನು ಒಣದ್ರಾಕ್ಷಿಯ ಡಬ್ಬಿ ನೋಡುತ್ತಿದ್ದೆ.

"ಯಾರೂ ಹೇಳಿಲ್ರೀ, ನಂದ ಹುಚ್ಚು ತಲಿ," ಎಂದು ತಾವೂ ನಕ್ಕರು. ಬಳಿಕ ಎಂದಿನಂತೆ ಅಕ್ರೋಟು ಒಡೆದು ನನ್ನತ್ತ ಚಾಚಿದರು. ತೆಗೆದುಕೊಂಡೆನೇ? ನೆನಪಿಲ್ಲ... ಓದು ಮುಗಿಸಿ ಪುಣೆ ಬಿಡುವವರೆಗೂ ಮತ್ತೆ ಆ ಕಡೆ ಹೋಗಲಿಲ್ಲ ಎಂಬುದು ಮಾತ್ರ ಖಚಿತ.

ಎಷ್ಟೋ ವರ್ಷಗಳ ಮೇಲೆ ಹೋದಾಗ ಅಲ್ಲಿ ಮೊಬೈಲ್ ಅಂಗಡಿ ಇತ್ತು. ಅವರು ತೀರಿಕೊಂಡು ಬಹಳ ಕಾಲವಾಯಿತೆಂದು ಪಕ್ಕದವರು ಹೇಳಿದರು.

"ಕಮಟ ಆಗ್ಯಾವಪ್ಪಾ, ವಾಪಸ್ ಕೊಟ್ಟ ಬರ್ತೀನಿ," ಎಂದು ಮಗಳು ಪೊಟ್ಟಣ ಹಿಡಿದು ಹೊರಟಳು. ಅವಳಿಗೆ ಹೋಗಿ ನಿಲ್ಲಲು ಒಂದು ಅಂಗಡಿಯಾದರೂ ಇದೆ.